ಬಣ್ಣ ಆಮ್ಯಾಲೆ, ಮೊದ್ಲು ಬ್ರೇಕು

ಅಕ್ಕಾರೇ, ತಂಗೀರೇ, ಕಾರಿನ ಮಾತು ಗಂಡಸ್ರದ್ದು ಅಂತ ಸುಮ್ನೆ ಕೂರಬ್ಯಾಡ್ರಿ. ಓಡ್ಸೋರು ಅವ್ರಾದ್ರೂ ಹಿಂದಿನ ಸೀಟ್ನಾಗೆ ಮೊಮ್ಮಕ್ಕಳನ್ನ ತೊಡೆ ಮ್ಯಾಲೆ ಕೂರಿಸ್ಕಂಡು ಹೋಗೋರು ನಾವು. ನನ್ನ ಮಾತು ಇಷ್ಟೇ: ಹಳೇ ಅಂಬಾಸಿಡರ್‌ನ ಇನ್ನೂ ರೋಡಿಗೆ ಇಳಿಸೋದಾದ್ರೆ, ಬಣ್ಣಕ್ಕೆ, ಸೀಟ್ ಕವರಿಗೆ ದುಡ್ಡು ಸುರಿಯೋಕೆ ಮೊದ್ಲು ಮುಂದಿನ ಚಕ್ರಕ್ಕೆ ಡಿಸ್ಕ್ ಬ್ರೇಕ್ ಹಾಕಿಸ್ಬೇಕು.

ನಮ್ಮ ಮಾವನೋರ ಕಾಲದ ಕಾರಿಗೆ ನಾಲ್ಕೂ ಚಕ್ರಕ್ಕೆ ಡ್ರಮ್ಮೇ. ಡ್ರಮ್ಮಂದ್ರೆ ಬೋರಲು ಹಾಕಿದ ಪಾತ್ರೆ ಇದ್ದಂಗೆ. ಒಳಗಡೆ ಎರಡು ಶೂ ಅಗಲಾಗಿ ಪಾತ್ರೆ ಗೋಡೆಗೆ ಒತ್ತಿ ಚಕ್ರ ನಿಲ್ಲಿಸ್ತಾವೆ. ಮ್ಯಾಲಿಂದ ಮ್ಯಾಲೆ ತುಳಿದ್ರೆ ಕಾವು ಒಳಗೇ ನಿಂತು ಡ್ರಮ್ಮು ಹಿಗ್ಗುತೈತೆ, ಪೆಡ್ಲು ಕೆಳಕ್ಕೆ ಇಳಿತೈತೆ, ಹಿಡ್ತ ಕಮ್ಮಿ ಆಗ್ತೈತೆ. ನೀರು ಹೊಕ್ರೆ ಬೇಗ ಆರಲ್ಲ. ಒಂದ್ಸಲ ಮಳೇಲಿ ಮೊಳಕಾಲ್ಮೂರಿಂದ ಬರ್ತಾ ರೋಡಿನ ನೀರು ದಾಟಿದ ಮ್ಯಾಲೆ ಕುರಿ ಹಿಂಡು ಅಡ್ಡ ಬಂತು. ಬ್ರೇಕ್ ತುಳಿದ್ರೆ ಕಾರು ಎಡಕ್ಕೇ ಎಳೀತು. ಕುರಿ ಉಳಿದ್ವು, ನಮ್ಮ ಪುಣ್ಯ.

ಡಿಸ್ಕು ಅಂಗಲ್ಲ. ರೊಟ್ಟಿ ಹಂಚಿನಂಗೆ ಬಯಲಾಗೇ ತಿರುಗ್ತೈತೆ. ಎರಡೂ ಕಡೆಯಿಂದ ಪ್ಯಾಡು ಇಕ್ಕಳದಂಗೆ ಹಿಡಿತಾವೆ. ಕಾವು ಗಾಳಿಗೆ ಹೋಗ್ತೈತೆ, ನೀರು ಸಿಡಿದೋಗ್ತೈತೆ. ಬ್ರೇಕ್ ತುಳಿದಾಗ ಕಾರಿನ ಭಾರ ಮುಂದಕ್ಕೆ ಬೀಳೋದ್ರಿಂದ ಮುಂದಿನ ಚಕ್ರಕ್ಕೇ ಹೆಚ್ಚು ಕೆಲ್ಸ. ಹಿಂದೆ ಡ್ರಮ್ಮೇ ಇದ್ರೂ ನಡೀತೈತೆ, ಹ್ಯಾಂಡ್ ಬ್ರೇಕೂ ಅಲ್ಲೇ ಇರ್ತೈತೆ.

"ಒರಿಜಿನಲ್ ಕೆಟ್ಟೋಗ್ತೈತೆ" ಅಂತಾರೆ ನಮ್ಮನೇರು. 2014ರಾಗೆ ಅಂಬಾಸಿಡರ್ ಮಾಡೋದೇ ನಿಂತೋಯ್ತು, ಇರೋದನ್ನ ಜೋಪಾನ ಮಾಡ್ಬೇಕು ಅನ್ನೋದು ನಂಗೂ ಗೊತ್ತು. ಆದ್ರೆ ಕಡೇಕಡೇಗೆ ಬಂದ ಅಂಬಾಸಿಡರ್‌ಗಳಾಗೆ ಕಂಪನಿಯೋರೇ ಮುಂದಕ್ಕೆ ಡಿಸ್ಕ್ ಹಾಕಿದ್ರು. ಹಳೇ ಡ್ರಮ್ಮು ಬಿಸಾಕಬ್ಯಾಡ್ರಿ, ಚೀಲ ಕಟ್ಟಿ ಅಟ್ಟಕ್ಕೆ ಹಾಕ್ರಿ. "ಇಷ್ಟ್ ವರ್ಸ ನಡೀಲಿಲ್ವಾ?" ಅಂದ್ರೆ, ಆಗ ಮುಂದಿರ್ತಿದ್ದುದು ಎತ್ತಿನಗಾಡಿ. ಈಗ ಚಳ್ಳಕೆರೆ-ಬಳ್ಳಾರಿ ರೋಡ್ನಾಗೆ ಲಾರಿ, ಹೊಸ ಕಾರು. 2019ರಿಂದ ಹೊಸ ಕಾರಿಗೆಲ್ಲ ಎಬಿಎಸ್ ಕಡ್ಡಾಯ. ಅದು ಗಕ್ಕನೆ ನಿಂತ್ರೆ ಹಿಂದಿರೋ ನಾವೂ ನಿಲ್ಬೇಕಲ್ಲ!

ಆದ್ರೆ ಅರ್ಧಂಬರ್ಧ ಕೆಲ್ಸ ಬ್ಯಾಡ. ಒಬ್ಬ ಮೆಕ್ಯಾನಿಕ್ಕು ಗುಜರಿಯಿಂದ ಡಿಸ್ಕು ತಂದು ಕೂರಿಸಿದ್ರೆ ಸಾಕು ಅಂದ. ಸಾಲದು. ಡ್ರಮ್ಮಿನ ಶೂ ತಿರುಗೋ ಚಕ್ರದ ಜೊತೆ ತಾನೇ ಬಿಗಿಯಾಗ್ತೈತೆ, ಡಿಸ್ಕಿಗೆ ಆ ಗುಣ ಇಲ್ಲ, ಕಾಲಿನ ಒತ್ತು ಜಾಸ್ತಿ ಬೇಕು. ಅದ್ಕೇ ಬೂಸ್ಟರ್ರು, ಅದಕ್ಕೆ ಹೊಂದೋ ಮಾಸ್ಟರ್ ಸಿಲಿಂಡರ್ರು ಬೇಕು. ಕ್ಯಾಲಿಪರ್ರು ರಿಮ್ಮಿಗೆ ತಾಗ್ತೈತಾ ನೋಡ್ಬೇಕು. ಆರ್‌ಟಿಓ ಆಫೀಸ್ನಾಗೂ ಮೊದ್ಲೇ ಕೇಳ್ಕಳ್ರಿ.

ಇನ್ನೊಂದು ಮಾತು. ಹಳೇ ಶೂ ಲೈನಿಂಗ್ನಾಗೆ ಆಸ್ಬೆಸ್ಟಾಸ್ ಇರ್ತಿತ್ತು. ಆ ಧೂಳನ್ನ ಬಾಯಾಗೆ ಊದಬಾರದು, ಪೊರಕೇಲಿ ಗುಡಿಸಬಾರದು, ಒದ್ದೆ ಬಟ್ಟೇಲಿ ಒರೆಸ್ಬೇಕು. ಆ ಬಟ್ಟೆ ತೊಳಿಯೋಳು ನೀವೇ ಆಗ್ಬ್ಯಾಡ್ರಿ, ಕವರ್ನಾಗೆ ಕಟ್ಟಿ ಹೊರಗೆ ಹಾಕಿಸ್ರಿ.

ಅಷ್ಟು ದುಡ್ಡಿಲ್ಲ ಅಂದ್ರೆ ಡ್ರಮ್ಮನ್ನೇ ಚೆನ್ನಾಗಿಟ್ಕಳ್ರಿ. ಲೈನಿಂಗ್ ಸವೆದೈತಾ, ವೀಲ್ ಸಿಲಿಂಡರ್ ಸೋರ್ತೈತಾ ನೋಡಿಸ್ರಿ, ಎರಡು ವರ್ಸಕ್ಕೊಮ್ಮೆ ಬ್ರೇಕ್ ಆಯಿಲ್ ಬದಲಾಯಿಸ್ರಿ. ನಾಯಕನಹಟ್ಟಿ ಜಾತ್ರೆಗೆ ಹೊರಡೋಕೆ ಮೊದ್ಲು "ಬ್ರೇಕ್ ನೋಡಿಸಿದ್ರಾ?" ಅಂತ ಕೇಳ್ರಿ. ಉತ್ರ ಬರೋಗಂಟ ಕಾರು ಹತ್ತಬ್ಯಾಡ್ರಿ.