ಶಾಲೆಯಲ್ಲಿ ಅಡುಗೂಲಜ್ಜಿ

“ಅಡುಗೂಲಜ್ಜಿಯ ಕಥೆ” ಎಂಬ ಮಾತನ್ನು ನಮ್ಮ ಸುಶಿಕ್ಷಿತರು ತಿರಸ್ಕಾರಾರ್ಥದಲ್ಲಿಯೇ ಬಳಸುವರು. ಹುಡುಗರು ಶಾಲೆಗೆ ಬರುವುದು ಓದು-ಬರಹಕ್ಕಾಗಿಯೇ ಹೊರತು ಕಥೆ ಕೇಳುವುದಕ್ಕಲ್ಲವೆಂಬುದು ಅವರ ವಾದ. ಈ ವಾದವು ಬುಡದಲ್ಲಿಯೇ ತಪ್ಪೆಂದು ನಾವು ಹೇಳಬಯಸುತ್ತೇವೆ. ಕಿವಿಗೆ ಒಲಿಯದ ನುಡಿಯು ಕಣ್ಣಿಗೆ ಒಲಿದೀತೆ?

ಕಾಗಕ್ಕ-ಗುಬ್ಬಕ್ಕರ ಕಥೆಯನ್ನೇ ನೋಡಿರಿ. ಮಳೆಗೆ ಕಾಗಕ್ಕನ ಸಗಣಿಯ ಮನೆ ಕರಗಿತು. ಅವಳು ಗುಬ್ಬಕ್ಕನ ಕದ ತಟ್ಟಿದಳು. ಒಳಗಿನಿಂದ ಸಲಕ್ಕೊಂದು ನೆವ. ಮಗುವಿಗೆ ನೀರೆರೆದು, ಮೈಯೊರಸಿ, ಹಾಲು ಕುಡಿಸಿ, ತೊಟ್ಟಿಲಲ್ಲಿ ಮಲಗಿಸಿ—ಹೀಗೆ ನೆವ ಬೆಳೆದಂತೆ ವಾಕ್ಯವೂ ಬೆಳೆಯುವುದು. ವೈಯಾಕರಣರು ಕೃದಂತಾವ್ಯಯಗಳೆಂದು ಕರೆಯುವ ಈ ರೂಪಗಳನ್ನು ಐದು ವರ್ಷದ ಕೂಸು ಹೆಸರರಿಯದೆಯೇ ಪೋಣಿಸಿಬಿಡುತ್ತದೆ. ಕೇಳುವವರು ಹೂಂಗುಟ್ಟಬೇಕೆಂಬ ನಮ್ಮ ಹಳೆಯ ಕಟ್ಟಳೆಯಾದರೂ ಎಷ್ಟು ಜಾಣ್ಮೆಯದು! ಹೂಂಕಾರ ನಿಂತಲ್ಲಿ ಕಥೆಯೂ ನಿಲ್ಲುವುದು. ಮಗುವಿನ ಗಮನ ತಪ್ಪಿತೆಂದು ಅರಿಯಲು ಅಜ್ಜಿಗೆ ಪ್ರಶ್ನಪತ್ರಿಕೆ ಬೇಕಾಗಲಿಲ್ಲ. ಮರುದಿನ ಅದೇ ಕಥೆಯನ್ನು ಹುಡುಗನ ಬಾಯಿಂದ ಹೇಳಿಸಿದರೆ, ಮೊದಲಾವುದು, ಬಳಿಕಾವುದು, ಯಾತಕ್ಕೆ ಹೀಗಾಯಿತು ಎಂಬ ಅನುಕ್ರಮವು ತಾನಾಗಿ ಮನದಲ್ಲಿ ನಿಲ್ಲುವುದು. ಮುಂದೆ ನಿಬಂಧ ಬರೆಯುವ ಕೈಗೆ ಬೇಕಾದುದು ಇದೇ.

ಇದು ಹೊಸ ಮಾತಲ್ಲ. ಭಾವನಗರದಲ್ಲಿ 1920ರಲ್ಲಿ ಬಾಲಮಂದಿರವನ್ನು ಸ್ಥಾಪಿಸಿದ ಗಿಜುಭಾಈ ಬಧೇಕಾ ಅವರು ಕಥನವನ್ನು ಶಿಕ್ಷಣದ ಮುಖ್ಯ ಸಾಧನವಾಗಿ ಮಾಡಿಕೊಂಡರು. ನಮ್ಮವರೇ ಆದ ಪಂಜೆ ಮಂಗೇಶರಾಯರು ಉಪಾಧ್ಯಾಯರಾಗಿ, ಶಾಲಾ ತನಿಖಾಧಿಕಾರಿಗಳಾಗಿ ದುಡಿದು, ಮಕ್ಕಳಿಗಾಗಿ ಕಥೆ-ಹಾಡುಗಳನ್ನು ರಚಿಸಿದರು. ನಾಡು ಹರಿದು ಹಂಚಿಹೋಗಿದ್ದ 1934ರಲ್ಲಿ, ಮದರಾಸು ಪ್ರಾಂತದ ಈ ಕನ್ನಡಿಗರು ನಿಜಾಮ ಸೀಮೆಯ ರಾಯಚೂರಿನಲ್ಲಿ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾದರು.

1956ರಲ್ಲಿ ನೆಲವು ಒಂದಾಯಿತು, ನಿಜ. ಆದರೆ ಕಲಬುರ್ಗಿಯ ಕೂಸಿನ ಮನೆಮಾತಿಗೂ ಪಠ್ಯಪುಸ್ತಕದ ಮಾತಿಗೂ ನಡುವಣ ಗಡಿ ಇನ್ನೂ ಅಳಿದಿಲ್ಲ. ಮೊದಲ ದಿನವೇ “ಅದು ತಪ್ಪು ಕನ್ನಡ” ಎಂದು ಗದರಿಸಿದರೆ ಆ ಕೂಸು ವರ್ಷಗಟ್ಟಲೆ ಬಾಯಿ ತೆರೆಯದು. ಕಥೆಯನ್ನು ಅದು ತನ್ನ ಮಾತಿನಲ್ಲಿಯೇ ಹೇಳಲಿ. ಮಾಸ್ತರರು ಅದನ್ನೇ ಗ್ರಂಥಭಾಷೆಯಲ್ಲಿ ತಿರುಗಿ ಹೇಳಲಿ. ಎರಡೂ ಕನ್ನಡವೇ ಎಂಬುದು ಕಿವಿಗೆ ತಿಳಿಯುವುದು. ಅಂದು ಹೊರಗುಳಿದ ಕಾಸರಗೋಡಿನಲ್ಲಿಯಂತೂ ತುಳು ಮನೆಮಾತಿನ ಎಷ್ಟೋ ಮಕ್ಕಳು ಕನ್ನಡ ಶಾಲೆಗೆ ಬರುತ್ತಾರೆ. ಕನ್ನಡದ ಕಥೆಯನ್ನು ಅವರು ಶಾಲೆಯಲ್ಲಲ್ಲದೆ ಇನ್ನೆಲ್ಲಿ ಕೇಳಬೇಕು?

ಮೊದಲ ಮೂರು ತರಗತಿಗಳಲ್ಲಿ ದಿನಕ್ಕೆ ಅರ್ಧ ತಾಸು ಕಥೆಗೆ ಮೀಸಲಾಗಲೆಂದು ವಿದ್ಯಾಖಾತೆಯವರಲ್ಲಿ ನಮ್ಮ ಆಗ್ರಹ. ಪುಸ್ತಕ ಬೇಡ, ಅಂಕ ಬೇಡ, “ಇದರ ನೀತಿಯೇನು?” ಎಂಬ ಪ್ರಶ್ನೆಯಂತೂ ಬೇಡವೇ ಬೇಡ. ಊರಿನ ಅಜ್ಜಿಯೊಬ್ಬಳನ್ನು ಕರೆತಂದು ಕುರ್ಚಿಯಲ್ಲಿ ಕೂರಿಸಲು ಹಣವೇನೂ ಬೇಕಿಲ್ಲ. ಮಾಸ್ತರರು ಆಜ್ಞಾಪತ್ರಕ್ಕೆ ಕಾಯದೆ ಬರುವ ಸೋಮವಾರವೇ ಆರಂಭಿಸಬಹುದು.