ಗ್ರಂಥಸೂಚಿಯ ‘ಶುದ್ಧೀಕರಣ’

ಮಾನ್ಯ ಸಂಪಾದಕರೇ,

ನಮ್ಮ ಜಿಲ್ಲೆಯ ಸಾರ್ವಜನಿಕ ಗ್ರಂಥಾಲಯವೊಂದರ ಗ್ರಂಥಸೂಚಿಯನ್ನು ‘ಶುದ್ಧೀಕರಿಸುವ’ ಕಾರ್ಯವನ್ನು, ತಿದ್ದಿದ ದಾಖಲೆಯೊಂದಕ್ಕೆ ಇಂತಿಷ್ಟು ಹಣವೆಂಬ ಕರಾರಿನ ಮೇಲೆ ಹೊರಗಿನ ಗುತ್ತಿಗೆದಾರರಿಗೆ ವಹಿಸಲಾಗಿದೆಯೆಂದೂ, ಆ ಕಾರ್ಯವು ತ್ವರಿತಗತಿಯಿಂದ ಸಾಗುತ್ತಿರುವುದು ಶ್ಲಾಘನೀಯವೆಂದೂ ತಮ್ಮ ಪತ್ರಿಕೆಯಲ್ಲಿ ಈಚೆಗೆ ಪ್ರಕಟವಾದ ವರದಿಯನ್ನು ಓದಿದೆನು. ಆ ಗ್ರಂಥಾಲಯದ ಬಹುಕಾಲದ ವಾಚಕರಲ್ಲಿ ನಾನೂ ಒಬ್ಬನು. ವರದಿಗಾರರು ಯಾವುದನ್ನು ಶ್ಲಾಘನೀಯವೆಂದು ಎಣಿಸಿದರೋ ಆ ತ್ವರಿತಗತಿಯೇ ನನ್ನ ಆಕ್ಷೇಪಣೆಗೆ ವಿಷಯವಾಗಿರುವುದರಿಂದ ಈ ಪತ್ರವನ್ನು ಬರೆಯಬೇಕಾಗಿ ಬಂದಿದೆ.

ಸೂಚಿಯನ್ನು ತಿದ್ದಲೇಬಾರದೆಂಬ ಪಕ್ಷಕ್ಕೆ ಸೇರಿದವನು ನಾನಲ್ಲ. ಹಳೆಯ ಕಾರ್ಡುಗಳಲ್ಲಿಯೂ ತಪ್ಪುಗಳಿದ್ದುವು. ಅವನ್ನು ಗಣಕಯಂತ್ರಕ್ಕೆ ಏರಿಸುವಾಗ ಇನ್ನಷ್ಟು ತಪ್ಪುಗಳು ಸೇರಿಕೊಂಡುವು. ಶಾಲಿವಾಹನ ಶಕೆ 1820 ಎಂದು ಮುಖಪುಟದಲ್ಲಿ ಅಚ್ಚಾದ ಪುಸ್ತಕವೊಂದು ಸೂಚಿಯಲ್ಲಿ ಕ್ರಿಸ್ತಶಕ 1820ರ ಪ್ರಕಟಣೆಯಾಗಿ, ತನ್ನ ನಿಜವಾದ ವಯಸ್ಸಿಗಿಂತ ಎಪ್ಪತ್ತೆಂಟು ವರ್ಷ ಹಿರಿದಾಗಿ ಕುಳಿತದ್ದುಂಟು. ಹಳೆಯ ಅಕ್ಷರವಿನ್ಯಾಸದಿಂದ ಯೂನಿಕೋಡಿಗೆ ಪರಿವರ್ತನೆ ಹೊಂದಿದ ದಾಖಲೆಗಳಲ್ಲಿ ಅರ್ಕಾವತ್ತುಗಳು ತಮಗೆ ಸಂಬಂಧವೇ ಇಲ್ಲದ ಅಕ್ಷರಗಳ ಹೆಗಲೇರಿದ್ದುವು. ಇವನ್ನೆಲ್ಲ ಸರಿಪಡಿಸತಕ್ಕದ್ದೇ. ಆದರೆ ಶಕೆಯೋ ಕ್ರಿಸ್ತಶಕವೋ ಎಂಬುದನ್ನು ನಿರ್ಣಯಿಸುವುದಕ್ಕೆ ಪುಸ್ತಕವನ್ನು ಕಪಾಟಿನಿಂದ ಇಳಿಸಿ ಮುಖಪುಟವನ್ನು ತೆರೆದು ನೋಡಬೇಕಲ್ಲದೆ ಬೇರೆ ದಾರಿಯಿಲ್ಲ. ಈಗ ನಡೆಯುತ್ತಿರುವ ತಿದ್ದುಪಡಿಯಾದರೋ ಪುಸ್ತಕಗಳಿರುವ ಊರಿನಲ್ಲಿಯೇ ನಡೆಯುತ್ತಿಲ್ಲ. ತಿದ್ದುವವರು ಬೇರೆ ಊರಿನಲ್ಲಿ ಕುಳಿತು, ಕಂಡರಿಯದ ಗ್ರಂಥಗಳ ವಿವರಗಳನ್ನು ಪರದೆಯ ಮೇಲೆ ಒಂದರ ಪಕ್ಕದಲ್ಲೊಂದು ಇಟ್ಟು, ಹೋಲಿಕೆ ಕಂಡಲ್ಲಿ ಒಂದನ್ನು ಅಳಿಸುತ್ತಿದ್ದಾರೆ.

ಅದರ ಪರಿಣಾಮವೇನಾಯಿತೆಂಬುದಕ್ಕೆ ಒಂದು ನಿದರ್ಶನವನ್ನು ತಾವು ಪರಾಂಬರಿಸಬೇಕು. ಆರ್. ನರಸಿಂಹಾಚಾರ್ಯರ ‘ಕರ್ನಾಟಕ ಕವಿಚರಿತೆ’ಯ ಮೊದಲನೆಯ ಸಂಪುಟವು 1907ರಲ್ಲಿ ಪ್ರಕಟವಾಯಿತು, ಮುಂದಿನ ಎರಡು ಸಂಪುಟಗಳು 1919ರಲ್ಲಿಯೂ 1929ರಲ್ಲಿಯೂ ಬಂದುವು, ಈ ನಡುವೆ 1924ರಲ್ಲಿ ಮೊದಲನೆಯ ಸಂಪುಟವನ್ನು ಪರಿಷ್ಕರಿಸಿ ಪುನಃ ಪ್ರಕಟಿಸಲಾಯಿತು. ಹದಿನೇಳು ವರ್ಷಗಳ ಅವಧಿಯಲ್ಲಿ ಹೊಸದಾಗಿ ದೊರೆತ ಶಾಸನಗಳನ್ನೂ ಓಲೆಗರಿಗಳನ್ನೂ ಕಂಡು ಆ ವಿದ್ವಾಂಸರು ಯಾವ ಕವಿಯ ಕಾಲವನ್ನು ಹಿಂದೆಮುಂದೆ ಸರಿಸಿದರು, ಯಾವ ಅಭಿಪ್ರಾಯವನ್ನು ಕೈಬಿಟ್ಟರು ಎಂಬುದನ್ನು ತಿಳಿಯಬಯಸುವವನಿಗೆ ಎರಡು ಮುದ್ರಣಗಳೂ ಏಕಕಾಲದಲ್ಲಿ ಮೇಜಿನ ಮೇಲಿರಬೇಕು. ನಮ್ಮ ಗ್ರಂಥಾಲಯದ ಹಳೆಯ ಕಾರ್ಡುಪೆಟ್ಟಿಗೆಯಲ್ಲಿ ಇವೆರಡಕ್ಕೂ ಪ್ರತ್ಯೇಕ ಕಾರ್ಡುಗಳಿದ್ದುವು. ತಳದ ರಂಧ್ರದಲ್ಲಿ ಸರಳು ಉಜ್ಜಿ ಉಜ್ಜಿ ಅಂಚು ಸವೆದಿದ್ದ ಆ ಮೊದಲನೆಯ ಕಾರ್ಡಿನ ಮೂಲೆಯಲ್ಲಿ, ಎಂದೋ ನಿವೃತ್ತರಾದ ಗ್ರಂಥಪಾಲಕರೊಬ್ಬರು ಕೆಂಪು ಮಸಿಯಿಂದ, ಪರಿಷ್ಕೃತ ಮುದ್ರಣ ಬೇರೆ ಇದೆ, ಅದನ್ನೂ ನೋಡುವುದು ಎಂಬರ್ಥದ ಸೂಚನೆಯನ್ನು ಬರೆದು, ಕೆಳಗೆ ತಮ್ಮ ಚಿಕ್ಕ ರುಜುವನ್ನೂ ತಾರೀಖನ್ನೂ ಹಾಕಿದ್ದರು. ಹೊಸ ಸೂಚಿಯಲ್ಲಿ ಹುಡುಕಿದರೆ ದೊರೆಯುವುದು ಒಂದೇ ದಾಖಲೆ: 1924ರ ಮುದ್ರಣ, ಪ್ರತಿಗಳು ಎರಡು. ಶೀರ್ಷಿಕೆಯೂ ಕರ್ತೃವೂ ಸಂಪುಟಸಂಖ್ಯೆಯೂ ಒಂದೇ ಆಗಿರುವುದರಿಂದ ಇದು ಪುನರಾವೃತ್ತಿಯೆಂದು ತೀರ್ಮಾನಿಸಿ 1907ರ ದಾಖಲೆಯನ್ನು ಅಳಿಸಿದ್ದಾರೆ.

ಹೋದದ್ದು ಪರದೆಯ ಮೇಲಿನ ಒಂದು ಸಾಲು ಮಾತ್ರ, ಪುಸ್ತಕವು ಕಪಾಟಿನಲ್ಲಿಯೇ ಇದೆಯಲ್ಲ ಎಂದು ಕಾರ್ಯಾಲಯದವರು ನನಗೆ ಸಮಾಧಾನ ಹೇಳಿದರು. ಇದೆ, ನಿಜ, ಆದರೆ ಎಷ್ಟು ದಿನ? ಸ್ಥಳಾಭಾವದ ಕಾರಣ ಜೀರ್ಣಪ್ರತಿಗಳನ್ನು ರದ್ದುಮಾಡುವ ಸಮಯ ಬಂದಾಗ ಅಧಿಕಾರಿಗಳ ಮುಂದೆ ಬರುವುದು ಸೂಚಿಯಿಂದ ತೆಗೆದ ಪಟ್ಟಿ. ಆ ಪಟ್ಟಿಯಲ್ಲಿ ಒಂದೇ ಮುದ್ರಣದ ಎರಡು ಪ್ರತಿಗಳಿದ್ದು, ಅವುಗಳಲ್ಲಿ ಒಂದರ ರಟ್ಟು ಹರಿದು ಹಾಳೆಗಳು ಮುರಿಯುವ ಸ್ಥಿತಿಯಲ್ಲಿದ್ದರೆ, ಅದನ್ನು ತೆಗೆದುಹಾಕಲು ಯಾವ ಪ್ರಾಮಾಣಿಕ ಅಧಿಕಾರಿಯೂ ಹಿಂಜರಿಯಲಾರನು. ಸೂಚಿಯಲ್ಲಿ ಹೆಸರನ್ನು ಕಳೆದುಕೊಂಡ ಪುಸ್ತಕವು ಹೀಗೆ ಕಾಲಕ್ರಮದಲ್ಲಿ ಕಪಾಟನ್ನೂ ಕಳೆದುಕೊಳ್ಳುತ್ತದೆ.

ಕರ್ತೃನಾಮಗಳ ವಿಷಯದಲ್ಲಿ ಆಗಿರುವ ಅನಾಹುತವು ಇನ್ನೊಂದು ಬಗೆಯದು. ‘ಶ್ರೀನಿವಾಸ’ ಎಂಬುದು ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರ ಕಾವ್ಯನಾಮವೆಂದು ಯಾರೋ ತಿಳಿದವರು ಹೇಳಿರಬೇಕು. ಅಷ್ಟನ್ನೇ ಆಧಾರವಾಗಿಟ್ಟುಕೊಂಡು, ಶ್ರೀನಿವಾಸನೆಂಬ ಹೆಸರಿದ್ದಲ್ಲೆಲ್ಲ ಒಂದೇ ಆಜ್ಞೆಯಿಂದ ಮಾಸ್ತಿಯವರ ಹೆಸರನ್ನು ಕೂರಿಸಿಬಿಟ್ಟಿದ್ದಾರೆ. ಕನ್ನಡನಾಡಿನಲ್ಲಿ ಶ್ರೀನಿವಾಸರಿಗೇನು ಬರಗಾಲವೇ? ತತ್ಪರಿಣಾಮವಾಗಿ, ಸಣ್ಣಕತೆಗಳ ಆ ಮಹನೀಯರು ಈಗ ಅಡಕೆಯ ತೋಟಕ್ಕೆ ತಗಲುವ ರೋಗಗಳನ್ನು ಕುರಿತ ಕಿರುಹೊತ್ತಗೆಯೊಂದಕ್ಕೂ, ಪ್ರೌಢಶಾಲೆಯ ಬೀಜಗಣಿತದ ಪಠ್ಯವೊಂದಕ್ಕೂ ಕರ್ತೃಗಳಾಗಿ ವಿರಾಜಿಸುತ್ತಿದ್ದಾರೆ. ಅದು ಸಾಲದೆಂಬಂತೆ, ಕುಲನಾಮವನ್ನು ಮುಂದಕ್ಕೆ ತರಬೇಕೆಂಬ ಪಾಶ್ಚಾತ್ಯ ಪದ್ಧತಿಯನ್ನು ವಿವೇಚನೆಯಿಲ್ಲದೆ ಅನ್ವಯಿಸಿದುದರಿಂದ, ಮಾಸ್ತಿಯವರೂ ಗೊರೂರು ರಾಮಸ್ವಾಮಿ ಅಯ್ಯಂಗಾರ್ಯರೂ ತಮ್ಮ ತಮ್ಮ ಊರುಗಳನ್ನು ಬಿಟ್ಟು ‘ಅಯ್ಯಂಗಾರ್’ ಎಂಬ ಒಂದೇ ಶಿರೋನಾಮದ ಕೆಳಗೆ ಬಂದು ಸೇರಿದ್ದಾರೆ. ಗ್ರಂಥಸೂಚಿಯು ಜನಗಣತಿಯ ಜಾತಿಪಟ್ಟಿಯಾಗಬೇಕೆಂದು ಯಾರೂ ಅಪೇಕ್ಷಿಸಿರಲಿಲ್ಲ. ಮಾಸ್ತಿ, ಗೊರೂರು ಎಂದು ಕೇಳುವ ವಾಚಕನಿಗೆ ಆ ಊರ ಹೆಸರಿನಿಂದಲೇ ಪುಸ್ತಕ ದೊರೆಯಬೇಕು.

ಗ್ರಂಥವು ತನ್ನನ್ನು ತಾನು ಏನೆಂದು ಕರೆದುಕೊಂಡಿದೆ ಎಂಬುದೂ, ಅದನ್ನು ಕುರಿತು ನಾವು ಈಚೆಗೆ ತಿಳಿದುದೇನೆಂಬುದೂ ಬೇರೆಬೇರೆ ಸಂಗತಿಗಳು. ಸೂಚಿಯಲ್ಲಿ ಎರಡಕ್ಕೂ ಸ್ಥಳವಿರಬೇಕು. ನಂದಳಿಕೆಯ ಲಕ್ಷ್ಮೀನಾರಣಪ್ಪನವರು ತಮ್ಮ ಕೃತಿಗಳನ್ನು ತಮ್ಮವೆಂದು ಹೇಳಿಕೊಳ್ಳದೆ, ಪ್ರಾಚೀನ ಕವಿಯವೆಂಬಂತೆ ಮೈಸೂರಿಗೆ ಕಳುಹಿಸಿ ಅಚ್ಚುಮಾಡಿಸಿದ ವೃತ್ತಾಂತವು ತಮ್ಮ ವಾಚಕರಿಗೆಲ್ಲ ತಿಳಿದದ್ದೇ. ಅವರ ಕಾವ್ಯನಾಮವಾದ ‘ಮುದ್ದಣ’ನೆಂಬ ಹೆಸರನ್ನು ಅಳಿಸಿ ಲಕ್ಷ್ಮೀನಾರಣಪ್ಪನವರ ಹೆಸರನ್ನು ಮಾತ್ರ ಉಳಿಸಿದರೆ ನಿಜವನ್ನು ಬರೆದಂತಾಗುತ್ತದೆ, ಆದರೆ ಪುಸ್ತಕವು ಸಿಕ್ಕುವುದಿಲ್ಲ. ಹಾಗೆಯೇ ‘ಪಂಪಭಾರತ’ವೆಂದು ಹುಡುಕುವವನನ್ನೂ ‘ವಿಕ್ರಮಾರ್ಜುನ ವಿಜಯ’ವೆಂದು ಹುಡುಕುವವನನ್ನೂ ಸೂಚಿಯು ಒಂದೇ ಕಪಾಟಿನ ಮುಂದೆ ತಂದು ನಿಲ್ಲಿಸಬೇಕು, ರನ್ನನ ‘ಗದಾಯುದ್ಧ’ವನ್ನು ಕೇಳಿದವನಿಗೆ ಅದನ್ನು ಆಧರಿಸಿ ಬಿ. ಎಂ. ಶ್ರೀಕಂಠಯ್ಯನವರು ರಚಿಸಿದ ನಾಟಕವನ್ನು ಕೊಟ್ಟು ಕಳುಹಿಸಬಾರದು.

ಯಂತ್ರದಲ್ಲಿ ಇದಕ್ಕೆಲ್ಲ ಅವಕಾಶವಿಲ್ಲವೆಂಬ ಮಾತನ್ನು ನಾನು ಒಪ್ಪಲಾರೆನು. ಗ್ರಂಥಾಲಯಗಳು ಅನುಸರಿಸುವ ಮಾರ್ಕ್ ಎಂಬ ಅಂತರರಾಷ್ಟ್ರೀಯ ನಮೂನೆಯಲ್ಲಿ, ದಾಖಲೆಯನ್ನು ಮೊದಲು ಸಿದ್ಧಪಡಿಸಿದ ಸಂಸ್ಥೆ ಯಾವುದು, ಅನಂತರ ತಿದ್ದಿದ ಸಂಸ್ಥೆ ಯಾವುದು ಎಂಬುದನ್ನು ನಮೂದಿಸುವುದಕ್ಕೆಂದೇ 040 ಎಂಬ ಅಂಕಣವುಂಟು. ಶೀರ್ಷಿಕೆಯ ರೂಪಾಂತರಗಳಿಗೆ 246 ಎಂಬ ಅಂಕಣವುಂಟು. ಅನೇಕ ಗ್ರಂಥಾಲಯಗಳಲ್ಲಿ ಬಳಕೆಯಲ್ಲಿರುವ ಕೋಹಾ ತಂತ್ರಾಂಶದಲ್ಲಿ, ಯಾವ ದಾಖಲೆಯನ್ನು ಯಾರು ಎಂದು ತಿದ್ದಿದರೆಂಬ ದಿನಚರಿಯನ್ನು ಇಡುವ ಏರ್ಪಾಡಿದೆ. ಅದನ್ನು ಚಾಲನೆಯಲ್ಲಿಡಬೇಕು, ಅಷ್ಟೆ. ಒಂದು ಗುಂಟೆ ಜಮೀನಿನ ಪಹಣಿಯಲ್ಲಿ ಹೆಸರು ಬದಲಾಗಬೇಕಾದರೆ ಮ್ಯುಟೇಷನ್ ರಿಜಿಸ್ಟರಿನಲ್ಲಿ ನಂಬರು ಬೀಳಬೇಕು, ತಕರಾರಿದ್ದವರಿಗೆ ಹೇಳಿಕೊಳ್ಳಲು ಗಡುವು ಕೊಡಬೇಕು. ಕವಿಯೊಬ್ಬನ ಕೃತಿಗೆ ಕರ್ತೃವನ್ನು ಬದಲಾಯಿಸುವುದಕ್ಕೆ ಮಾತ್ರ ಯಾರ ರುಜುವೂ ಬೇಡವೇ?

ತಜ್ಞರ ಅಭಾವವೆಂಬ ಕಾರಣವೂ ನಮ್ಮ ರಾಜ್ಯಕ್ಕೆ ಶೋಭಿಸುವುದಿಲ್ಲ. ಸೂಚೀಕರಣದ ನಿಯಮಗಳನ್ನು 1934ರಷ್ಟು ಹಿಂದೆಯೇ ಗ್ರಂಥರೂಪದಲ್ಲಿ ನಿಬಂಧಿಸಿದ ಎಸ್. ಆರ್. ರಂಗನಾಥನ್ ಅವರು ತಮ್ಮ ಕೊನೆಯ ವರ್ಷಗಳನ್ನು ಕಳೆದದ್ದು ಬೆಂಗಳೂರಿನಲ್ಲಿಯೇ. 1962ರಲ್ಲಿ ಅವರು ಅಲ್ಲಿ ಆರಂಭಿಸಿದ ದಾಖಲೀಕರಣ ಸಂಶೋಧನೆ ಹಾಗೂ ತರಬೇತಿಯ ಕೇಂದ್ರವು ಇಂದಿಗೂ ಇದೆ. ನಮ್ಮ ವಿಶ್ವವಿದ್ಯಾಲಯಗಳಲ್ಲಿ ಗ್ರಂಥಾಲಯ ವಿಜ್ಞಾನವನ್ನು ಓದಿದ ತರುಣ ತರುಣಿಯರಿದ್ದಾರೆ. ಅವರಿಗೆ ಯೋಗ್ಯವಾದ ಸಂಬಳವನ್ನು ಕೊಟ್ಟು ಪುಸ್ತಕಗಳ ನಡುವೆಯೇ ಕೂರಿಸಿದರೆ ಕೆಲಸವು ನಿಧಾನವಾಗಿ ನಡೆದೀತು, ನಡೆಯಲಿ. 1965ರ ಸಾರ್ವಜನಿಕ ಗ್ರಂಥಾಲಯಗಳ ಅಧಿನಿಯಮದ ಮೇರೆಗೆ ಗ್ರಂಥಾಲಯ ಕರವನ್ನು ತೆರುತ್ತಿರುವ ನಾಗರಿಕರಲ್ಲಿ ಯಾರೂ ಈ ಕಾರ್ಯಕ್ಕೆ ಗಡುವನ್ನು ಕೇಳಿಲ್ಲ. ದಾಖಲೆಯೊಂದಕ್ಕೆ ಇಂತಿಷ್ಟೆಂಬ ಕರಾರಿರುವವರೆಗೆ, ಒಂದು ಮುಖಪುಟವನ್ನು ತೆರೆದು ನೋಡುವುದಕ್ಕೆ ಹೋಗುವ ಹೊತ್ತೂ ಗುತ್ತಿಗೆದಾರನಿಗೆ ನಷ್ಟವೇ. ದೋಷವಿರುವುದು ಆ ಕರಾರಿನಲ್ಲಿ. ಕೂಲಿಗೆ ದುಡಿಯುವ ಹುಡುಗರನ್ನು ದೂರಿ ಫಲವಿಲ್ಲ.

ಕೊನೆಯದಾಗಿ, ತುರ್ತಾದ ಒಂದು ವಿಷಯ. ಅಳಿಸಿದ ದಾಖಲೆಗಳನ್ನು ಪುನಃ ಕಟ್ಟಬೇಕಾದರೆ ಈಗ ಉಳಿದಿರುವ ಆಧಾರಗಳು ಎರಡೇ: ಪುಸ್ತಕಗಳು ಬಂದಂತೆಲ್ಲ ಸಂಖ್ಯೆ ಕೊಟ್ಟು ಬರೆದಿಟ್ಟ ಅಕ್ಸೆಷನ್ ರಿಜಿಸ್ಟರುಗಳು ಮತ್ತು ಹಳೆಯ ಕಾರ್ಡುಗಳು. ಕಾರ್ಡುಗಳಿರುವ ತೇಗದ ಪೆಟ್ಟಿಗೆಗಳನ್ನು ಹಿಂದಿನ ಜಗಲಿಗೆ ಸಾಗಿಸಿ, ಮುರಿದ ಕುರ್ಚಿಗಳೊಡನೆ ಹರಾಜಿಗಿಡುವುದಾಗಿ ನೋಟೀಸು ಹಚ್ಚಿರುವುದನ್ನು ಕಳೆದ ವಾರ ನೋಡಿದೆನು. ಪೆಟ್ಟಿಗೆಗಳು ಬೇಕಾದವರು ಪೆಟ್ಟಿಗೆಗಳನ್ನು ಕೊಂಡುಕೊಳ್ಳಲಿ. ಕಾರ್ಡುಗಳನ್ನು ಹೊರತೆಗೆದು ಕ್ರಮ ಕೆಡದಂತೆ ಕಟ್ಟಿಡುವವರೆಗೆ ಆ ಹರಾಜನ್ನು ತಡೆಯಬೇಕೆಂದು ಸಂಬಂಧಪಟ್ಟ ಅಧಿಕಾರಿಗಳನ್ನು ತಮ್ಮ ಪತ್ರಿಕೆಯ ಮೂಲಕ ಪ್ರಾರ್ಥಿಸುತ್ತೇನೆ.

ಇಂತು ತಮ್ಮ ವಿಶ್ವಾಸಿ,
ಓರ್ವ ವಾಚಕ