ಎಮ್ಮಿ ಓಡೂದು ನಮ್ಮ ರೀಲ್ ಸಲುವಾಗಿ ಅಲ್ಲ

1/6
ದೋಸ್ತರೇ, ದೀಪಾವಳಿ ಪಾಡ್ಯ ಅಂದ್ರ ಬೆಳಗಾವಿ ಮಂದಿಗೆ ಏನು ನೆನಪಾಗ್ತೈತಿ ಅಂತ ಬ್ಯಾರೆ ಹೇಳಬೇಕಿಲ್ಲ. ಎಮ್ಮಿ ಓಟ! ಗವಳಿ ಮಂದಿ ಎಮ್ಮಿ ಮೈ ತೊಳದು, ಕೊಂಬಿಗೆ ಬಣ್ಣ ಬಳದು, ಕೊರಳಿಗೆ ಗೆಜ್ಜಿ, ಕವಡಿ ಸರ ಕಟ್ಟಿ ಓಣಿಗೆ ತರ್ತಾರ. ಮಾಲಕ ಬೈಕ್ ಮ್ಯಾಲ ಮುಂದ, ಎಮ್ಮಿ ಹಿಂದ. ಸೈಲೆನ್ಸರ್ ತಗದ ಬೈಕಿನ ಸಪ್ಪಳಕ್ಕ ಕಿವಿ ಗುಂಯ್ ಅಂತಾವು. ಬದಿಗೆ ನಿಂತ ನಾವೆಲ್ಲ ಮೊಬೈಲ್ ಎತ್ತಿರ್ತೀವಿ. ಈ ಮೊದಲನೇ ಫೋಟೋ ಹೋದ ವರ್ಷ ನಾನೇ ತಗದದ್ದು.

2/6
ಅವತ್ತು ಸಂಜಿಗೆ ಪೀರನವಾಡಿಗೆ ಬಂದ ಮ್ಯಾಲ ನನಗ ಹುರುಪು ಬಂತು. ನಮ್ಮ ಮನಿ ಎಮ್ಮೀದೂ ಒಂದು ರೀಲ್ ಆಗಲಿ ಅಂತ. ಗೆಳೆಯ ಹಿಂದ ನಿಂತು ಬೈಕ್ ರೇಸ್ ಮಾಡಿದ, ನಾನು ಮುಂದ ನಿಂತು ಫ್ಲ್ಯಾಶ್ ಹೊಡದೆ. ಎಮ್ಮಿ ಕಣ್ಣಿ ಹರಕೊಂಡು ಸೀದಾ ಖಾನಾಪುರ ರೋಡಿಗೆ ಓಡ್ತು. ಲಾರಿ ಬ್ರೇಕ್ ಹಾಕಿದ್ದಕ್ಕ ಉಳೀತು. ಡಾಂಬರ ಮ್ಯಾಲ ಜಾರಿ ಬಿದ್ದು ಮೊಣಕಾಲು ಕೆತ್ತಿ ಹೋಗಿತ್ತು. ನಾವಿಬ್ಬರೂ ಎಷ್ಟು ಒದರಿದ್ರೂ ನಿಲ್ಲದ್ದು, ಅವ್ವ ಬಂದು ಒಂದು ಸಲ ಕರದದ್ದಕ್ಕ ನಿಂತ್ತು.

ಅವ್ವ ಬೈಲಿಲ್ಲ. ನಾಲ್ಕು ದಿನ ಆದ ಮ್ಯಾಲ ಡೇರಿ ಪುಸ್ತಕ ತಂದು ನನ್ನ ಮುಂದ ಇಟ್ಲು. "ಬಿಕಾಂ ಓದಾಕತ್ತೀಯಲ್ಲ, ಲೆಕ್ಕಾ ಹಾಕು" ಅಂದ್ಲು. ದಿನಕ್ಕ 6 ಲೀಟರ್ ಕೊಡೋ ಎಮ್ಮಿ 3 ಲೀಟರಿಗೆ ಇಳದಿತ್ತು. 4 ದಿನಕ್ಕ 12 ಲೀಟರ್, ಲೀಟರಿಗೆ 50ರಂತೆ 600 ರೂಪಾಯಿ. ಡಾಕ್ಟರು, ಔಷಧ 800. ಒಟ್ಟು 1,400. ನನ್ನ ರೀಲಿಗೆ ಬಂದ ಲೈಕ್ 212.

3/6
ಹಾಲು ಯಾಕ ಇಳೀತು? ಹೆದರಿದ ದನದ ಮೈಯಾಗ ಅಡ್ರಿನಲಿನ್ ಏರ್ತದ. ಹಾಲು ಇಳಿಸೋ ಆಕ್ಸಿಟೋಸಿನ್ ಕೆಲಸಕ್ಕ ಅದು ಅಡ್ಡ ಬರ್ತದ. ಕೆಚ್ಚಲದಾಗ ಹಾಲು ಇದ್ರೂ ಎಮ್ಮಿ ಸೊರೆ ಬಿಡೂದಿಲ್ಲ.

ಇನ್ನೊಂದು, ದನದ ಕಣ್ಣು ತಲೆಯ ಎರಡೂ ಬದಿಗೆ ಇರ್ತಾವ. ಸುತ್ತಲಿನ ಬಹುತೇಕ ಎಲ್ಲಾ ಕಾಣಸ್ತದ, ಬಾಲದ ಹಿಂದಿನ ಜಾಗ ಮಾತ್ರ ಕಾಣೂದಿಲ್ಲ. ನನ್ನ ಗೆಳೆಯ ನಿಂತದ್ದು ಬರೋಬ್ಬರಿ ಅಲ್ಲೇ. ಪ್ರತಿ ದನಕ್ಕೂ ತನ್ನ ಸುತ್ತ ಒಂದು ಗೆರಿ ಇರ್ತದ. ಅದರೊಳಗ ಹೊಸಬರು ಬಂದ್ರ ಸರೀತದ, ಒಮ್ಮೆಲೇ ನುಗ್ಗಿದ್ರ ಓಡ್ತದ. ಭುಜದ ಹಿಂದ ನಿಂತ್ರ ಮುಂದಕ್ಕ ಹೋಗ್ತದ, ಭುಜದ ಮುಂದ ನಿಂತ್ರ ಹಿಂದಕ್ಕ ಸರೀತದ. ಅಮೆರಿಕದ ಟೆಂಪಲ್ ಗ್ರ್ಯಾಂಡಿನ್ ಇದನ್ನ ಜಗತ್ತಿಗೆಲ್ಲಾ ಪಾಠ ಮಾಡಿದ್ರು. ಅವ್ವ ಯಾರ ಪಾಠಾನೂ ಓದಿಲ್ಲ, ಆದ್ರೂ ದಿನಾ ಮುಂಜಾನೆ ಬದಿಯಿಂದನೇ ಬರ್ತಾಳ, ಮೊದಲು ದನಿ ಮಾಡ್ತಾಳ, ಆಮ್ಯಾಲ ಬೆನ್ನ ಮ್ಯಾಲ ಕೈ ಇಡ್ತಾಳ.

4/6
ಈ ನಂಟು ನಿನ್ನೆ ಮೊನ್ನೇದಲ್ಲ. ನಮ್ಮ ಕಡೆಯ ಎಮ್ಮಿ ಜಾತಿಯನ್ನು ಮನುಷ್ಯ ಪಳಗಿಸಿದ್ದು ಇದೇ ಭಾರತ ಉಪಖಂಡದಲ್ಲಿ, ಸಾವಿರಾರು ವರ್ಷಗಳ ಹಿಂದೆ. ಬಳ್ಳಾರಿ ಹತ್ತಿರ ಕುಡತಿನಿಯ ಬೂದಿ ದಿಬ್ಬ ಕೇಳಿರಬಹುದು. ಅದು ನವಶಿಲಾಯುಗದ ಮಂದಿ ದನ ಕೂಡಿಹಾಕಿದ ಕಡೆ ಸೆಗಣಿ ಒಟ್ಟಿ ಸುಟ್ಟು ಆದದ್ದು. ಕೊಲ್ಹಾಪುರ, ಬೆಳಗಾವಿ ಕಡೆಯ ಉದ್ದ ಕೊಂಬಿನ ಪಂಢರಪುರಿ ಎಮ್ಮಿ ನೋಡ್ರಿ. ಗವಳಿ ಅದನ್ನ ಗಿರಾಕಿ ಮನಿ ಬಾಗಲಾಗ ನಿಲ್ಲಿಸಿ ಹಾಲು ಹಿಂಡೂ ರೂಢಿ ಇತ್ತು. ಗದ್ದಲದ ಓಣಿಯಾಗ ಎಮ್ಮಿ ಸೊರೆ ಬಿಡಬೇಕಂದ್ರ ಪಕ್ಕಕ್ಕ ಕೂತವನ ಮ್ಯಾಲ ಎಷ್ಟು ಭರವಸೆ ಇರಬೇಕು! ಪಳಗಿಸೋದು ಅಂದ್ರ ಹಗ್ಗ ಹಾಕೋದಷ್ಟೇ ಅಲ್ಲ, ಈ ಭರವಸೆ ಗಳಿಸೋದು.

5/6
"ಇದು ಪರಂಪರೆ, ನೀ ಯಾಂವ ಹೇಳಾಕ?" ಅಂತ ಕಮೆಂಟ್ ಬರ್ತಾವು, ಗೊತ್ತೈತಿ. ನಾನು ಓಟ ಬಂದ್ ಮಾಡ್ರಿ ಅಂತ ಹೇಳಾಕತ್ತಿಲ್ಲ. ಕಂಬಳ, ಎತ್ತಿನ ಗಾಡಿ ಓಟಕ್ಕ ನಮ್ಮ ರಾಜ್ಯ ಮಾಡಿದ ಕಾನೂನನ್ನ ಸುಪ್ರೀಂ ಕೋರ್ಟ್ 2023ರ ಮೇ 18ಕ್ಕ ಎತ್ತಿ ಹಿಡಿದಿದೆ. ಗವಳಿ ಅಣ್ಣನ ಎಮ್ಮಿ ಅವನ ಬೈಕ್ ಹಿಂದ ಓಡ್ತದಂದ್ರ ಅದು ವರ್ಷಗಟ್ಟಲೆ ಮೇವು ಹಾಕಿ, ಮೈ ತಿಕ್ಕಿ ಗಳಿಸಿದ್ದು. ಆ ಸಪ್ಪಳ ಅದಕ್ಕ ರೂಢಿನೂ ಆಗಿರಬಹುದು. ಆದ್ರ ಸೀಟಿ ಹೊಡಿಯೋ, ಪಟಾಕಿ ಹಚ್ಚೋ, ಬಾಲ ಜಗ್ಗೋ ನಾವು ಏನು ಗಳಿಸೀವಿ? ಎಮ್ಮಿ ಸಾಕೋದು ಸಾವಿರಾರು ವರ್ಷದ ಪರಂಪರೆ. ಸೈಲೆನ್ಸರ್ ಬಿಚ್ಚೋದು ಎಷ್ಟು ವರ್ಷದ್ದು?

6/6
ಈ ಪಾಡ್ಯಕ್ಕ ನನ್ನ ಕ್ಲಾಸಿನವರಿಗೆ ಮೂರೇ ಮಾತು. ಹಿಂದಿನಿಂದ ಹೋಗಬ್ಯಾಡ್ರಿ. ಮುಖಕ್ಕ ಫ್ಲ್ಯಾಶ್ ಹೊಡಿಬ್ಯಾಡ್ರಿ. ಓಡಾಕ ದಾರಿ ಬಿಟ್ಟು ನಿಲ್ರಿ. ಗವಳಿ ಅಣ್ಣಂದಿರಿಗೆ ಒಂದು ವಿನಂತಿ: ಒಂದು ವರ್ಷ ಸೈಲೆನ್ಸರ್ ಹಾಕೇ ಓಡಿಸಿ ನೋಡ್ರಿ. ಬರೇ ನಿಮ್ಮ ದನಿಗೆ ಎಮ್ಮಿ ಓಡಿ ಬಂದ್ರ ಅದರಕಿಂತ ದೊಡ್ಡ ಮರ್ಯಾದಿ ಯಾವುದೈತಿ?

ಕೊನೇ ಫೋಟೋದಾಗ ನಮ್ಮ ಎಮ್ಮಿ. ಮೊಣಕಾಲಿನ ಕಲೆ ಇನ್ನೂ ಐತಿ. ನಾನು ಹತ್ರ ಹೋದ್ರ ಈಗಲೂ ಒಂದು ಹೆಜ್ಜಿ ಹಿಂದ ಸರೀತದ. ದಿನಾ ಸಂಜಿಗೆ ಹಿಂಡಿ ಹಾಕೋ ಕೆಲಸ ಅವ್ವನ ಕಡಿಂದ ನಾ ತಗೊಂಡೀನಿ. ಆ ಒಂದು ಹೆಜ್ಜಿ ಕಡಿಮಿ ಆದ ದಿನ ಇನ್ನೊಂದು ಫೋಟೋ ಹಾಕ್ತೀನಿ.

#ಪೀರನವಾಡಿ #ಬೆಳಗಾವಿ #ಎಮ್ಮಿಓಟ #ದೀಪಾವಳಿಪಾಡ್ಯ